ಕೋಡಿ ದೀಪ ಹಚ್ಚಿದವರು

ನಿಮಗೂ ಹೀಗಾಗಿದೆಯಾ, ಹೇಳಿ. ಮನೆಯಲ್ಲಿ ಚಿಕ್ಕಂದಿನಿಂದ ಕೇಳುತ್ತಾ ಬಂದ ಒಂದು ಕಥೆ. ಮದುವೆ ಮನೆಯಲ್ಲಿ ಅದೇ, ತಿಥಿ ಊಟದಲ್ಲಿ ಅದೇ, ಕರೆಂಟು ಹೋದರೂ ಅದೇ. ಕೇಳಿ ಕೇಳಿ ಅದು ನಿಮ್ಮದೇ ನೆನಪು ಅನ್ನಿಸುವಷ್ಟು. ಆಮೇಲೆ ನೀವೂ ನಾಲ್ಕು ಜನರ ಮುಂದೆ ಅದನ್ನು ಹೇಳುತ್ತೀರಿ, ಸ್ವಲ್ಪ ಉಪ್ಪು ಖಾರ ಸೇರಿಸಿ. ಆಗ ಹಿಂದಿನಿಂದ ಯಾರೋ ಮೆಲ್ಲಗೆ "ಅದು ಹಂಗಲ್ಲಮ್ಮ" ಅನ್ನುತ್ತಾರೆ. ಆಗಿದೆಯಾ? ನನಗಾಯಿತು. ಒಂದು ಭಾನುವಾರ ಬೆಳಿಗ್ಗೆ, ಹತ್ತು ಹದಿನೈದು ಜನರ ಎದುರಿಗೆ, ನಮ್ಮ ತಾತನ ಹೆಸರು ಕೆತ್ತಿದ ಕಲ್ಲಿನ ಪಕ್ಕದಲ್ಲೇ.

ಮೊದಲು ಜಾಗದ ವಿಷಯ ಹೇಳಿಬಿಡುತ್ತೇನೆ. ನಾವು ಜೆ.ಪಿ. ನಗರದವರು ಅಂತ ಹೇಳಿಕೊಂಡು ತಿರುಗುತ್ತೇವೆ, ಆದರೆ ಜೆ.ಪಿ. ನಗರ ಬರುವುದಕ್ಕೆ ಮೊದಲೇ ಅಲ್ಲಿದ್ದವರು. ಹೊಲ ಸೈಟಾಯಿತು, ಸೈಟಿನ ಮೇಲೆ ಮನೆ ಬಂತು, ಮನೆಯ ಮೇಲೆ ಬಾಡಿಗೆ ಮನೆಗಳು ಬಂದವು. ಊರು ಅಂತ ಈಗ ಉಳಿದಿರುವುದು ಎರಡು ಅಡ್ಡರಸ್ತೆ, ಒಂದು ಮಾರಮ್ಮನ ಗುಡಿ ಮತ್ತು ಕೆರೆ. ಕೆರೆಯ ಹೆಸರು ಬರೆಯುವುದಿಲ್ಲ. ಬರೆದರೆ ನಾಳೆಯಿಂದ ಅಲ್ಲಿ ಸೆಲ್ಫಿಯವರ ಕಾಟ.

ಕೆರೆ ಏರಿಯ ಮೇಲೆ, ನೀರು ಬಿಡುವ ತೂಬಿನ ಪಕ್ಕ, ಎರಡಾಳೆತ್ತರದ ಒಂದು ಗಾರೆ ಗೋಪುರ ಇದೆ. ಕೆಳಗೆ ಒಬ್ಬರು ಬಗ್ಗಿ ಹೋಗುವಷ್ಟು ಬಾಗಿಲಿನ ಕೋಣೆ, ಮೇಲೆ ಎರಡು ಗೂಡು. ನಾವು ಅದನ್ನು 'ದೀಪದ ಗೂಡು' ಅನ್ನುತ್ತಿದ್ದೆವು. ಮಳೆಗಾಲದಲ್ಲಿ ಕೆರೆ ತುಂಬಿ ಕೋಡಿ ಬೀಳುವ ಹೊತ್ತಿಗೆ, ಅಂದರೆ ಹೆಚ್ಚಾದ ನೀರು ಉಕ್ಕಿ ಹೊರಗೆ ಹರಿಯುವ ಹೊತ್ತಿಗೆ, ಸಂಜೆ ಅಲ್ಲಿ ಕೆಂಪು ಗಾಜಿನ ಲಾಟೀನು ಇಡುತ್ತಿದ್ದರು. ಅದು ಕೋಡಿ ದೀಪ. ಕೆಂಪು ಕಂಡರೆ ಕೆಳಗಿನ ಹಳ್ಳಿಯ ಗಾಡಿಗಳು ಕಾಲುವೆ ದಾಟುತ್ತಿರಲಿಲ್ಲ. ಸೊಪ್ಪು, ಬದನೆಕಾಯಿ ತುಂಬಿಕೊಂಡು ಮಡಿವಾಳದ ಕಡೆ ಹೊರಟವರು ಅಲ್ಲೇ ಗಾಡಿ ಬಿಚ್ಚಿ ಬೆಳಗಾಗುವವರೆಗೆ ಕಾಯುತ್ತಿದ್ದರು.

ಲೇಔಟು ಬಂದು, ಕಾಲುವೆಗೆ ಮೋರಿ ಕಟ್ಟಿ, ಬೀದಿ ದೀಪ ಹಾಕಿದ ಮೇಲೆ ಗೂಡು ಪಾರಿವಾಳಗಳದ್ದಾಯಿತು. ಕೆಲವು ವರ್ಷಗಳ ಹಿಂದೆ ಕೆರೆ ಉಳಿಸಲು ಸುತ್ತಮುತ್ತಲಿನ ಅಪಾರ್ಟ್‌ಮೆಂಟಿನವರು ಸೇರಿ ಒಂದು ಗುಂಪು ಮಾಡಿಕೊಂಡರು. ಒಳ್ಳೆಯ ಜನ. ಹೂಳು ತೆಗೆಸಿದರು, ಗಿಡ ನೆಟ್ಟರು, ಆಮೇಲೆ ಅವರ ಕಣ್ಣು ಗೋಪುರದ ಮೇಲೆ ಬಿತ್ತು. ಪಾರಿವಾಳದ ಹಿಕ್ಕೆ ಕೆರೆದು, ಸುಣ್ಣ ಬಳಿದು, ಪಕ್ಕದಲ್ಲಿ ಇನ್ನೊಂದು ಕೋಣೆ ಕಟ್ಟಿ 'ಲೈಟ್‌ಹೌಸ್ ಮ್ಯೂಸಿಯಂ' ಅಂತ ಬೋರ್ಡು ಹಾಕಿದರು. ಮ್ಯೂಸಿಯಂ ಅಂದರೆ ಒಂದು ಮುರಿದ ಏತ, ಮೂರು ಮಡಕೆ, ಹಳೆಯ ನಕ್ಷೆ, ಲಾಟೀನು. ನಾನು ನಕ್ಕಿದ್ದೆ. ಸಮುದ್ರವೇ ಇಲ್ಲದ ಊರಿಗೆ ಲೈಟ್‌ಹೌಸ್.

ನಗುವುದು ಬಿಟ್ಟು ನಾನು ಮಾಡಿದ್ದೇನು ಗೊತ್ತೆ? ಒಂದು ಉದ್ದನೆಯ ಪೋಸ್ಟ್ ಬರೆದೆ. ನಮ್ಮ ತಾತ ಊರಿನ ಪಟೇಲರು. ಎಷ್ಟೋ ಮಳೆಗಾಲ ಕೋಡಿ ದೀಪ ಹಚ್ಚಿದವರು. ಒಮ್ಮೆ ಬಿರುಗಾಳಿಯಲ್ಲಿ ಲಾಟೀನು ಆರಿದಾಗ ಕಂಬಳಿ ಅಡ್ಡ ಹಿಡಿದು ನಿಂತು ಮತ್ತೆ ಹಚ್ಚಿ, ಮೂರು ಗಾಡಿ ಜನರನ್ನು ಉಳಿಸಿದವರು. ಮನೆಯ ಕಥೆ ಇದೇ. ಸಾವಿರಾರು ಜನ ಓದಿದರು, 'ಸಖತ್ ಅಕ್ಕ', 'ಕಣ್ಣಲ್ಲಿ ನೀರು ಬಂತು' ಅಂತೆಲ್ಲ ಬರೆದರು. ಕೆರೆ ಗುಂಪಿನ ಕಾರ್ಯದರ್ಶಿ, ಬ್ಯಾಂಕಿನಿಂದ ನಿವೃತ್ತರಾದ ಒಬ್ಬ ಶಿಸ್ತಿನ ಮನುಷ್ಯ, ಅದರ ಎರಡು ಸಾಲು ತೆಗೆದು ಗ್ರಾನೈಟಿನ ಮೇಲೆ ಕೆತ್ತಿಸಿ ಬಾಗಿಲ ಪಕ್ಕ ಇರಿಸಿದರು. ಅಪ್ಪ ಅದರ ಮುಂದೆ ನಿಂತು ಫೋಟೊ ತೆಗೆಸಿಕೊಂಡು ನೆಂಟರಿಗೆಲ್ಲ ಕಳಿಸಿದ. ನಾನು ಭಾನುವಾರ ಭಾನುವಾರ ಹೋಗಿ ಬಂದವರಿಗೆ ಕಥೆ ಹೇಳುವವಳಾದೆ.

ಆ ಭಾನುವಾರ ಬಂದಿದ್ದವರು ಬಿಟಿಎಂ ಲೇಔಟಿನ ಪಿಜಿಗಳಲ್ಲಿರುವ ಹುಡುಗ ಹುಡುಗಿಯರು. ವಾಕಿಂಗ್ ಟೂರು. ಒಬ್ಬ ಕೇಳಿದ, "ಅಕ್ಕ, ಆಗ ಬೋಟ್‌ಗಳನ್ನ ಎಲ್ಲಿ ಪಾರ್ಕ್ ಮಾಡ್ತಿದ್ರು?"

"ಬೋಟ್ ಇರ್ಲಿಲ್ಲ ಕಣಪ್ಪ, ಗಾಡಿ."

"ಮತ್ತೆ ಲೈಟ್‌ಹೌಸ್ ಯಾಕೆ?"

ನಾನು ಬಾಯಿ ತೆರೆಯುವಷ್ಟರಲ್ಲಿ ಹಿಂದಿನಿಂದ ಒಂದು ಹೆಂಗಸಿನ ದನಿ ಬಂತು. "ಅದನ್ನೇ ನಾನೂ ಕೇಳ್ಬೇಕು ಅಂತಿದ್ದೆ. ಲಾಟೀನು ಕೆರೆ ಕಡೆ ಗೂಡಲ್ಲಿ ಇಟ್ಟಿದ್ದೀರಲ್ಲ, ಮೀನಿಗಾ?"

ಎಲ್ಲರೂ ನಕ್ಕರು. ನಾನೂ ನಕ್ಕು ತಿರುಗಿ ನೋಡಿದೆ. ಎಪ್ಪತ್ತು ದಾಟಿದ ಹೆಂಗಸು. ಗಂಜಿ ಹಾಕಿದ ಕಾಟನ್ ಸೀರೆ, ಕಾಲಿಗೆ ವಾಕಿಂಗ್ ಶೂ, ಹೆಗಲಲ್ಲಿ ನೀರಿನ ಬಾಟಲಿ. ಆಕೆ ನಗುತ್ತಿರಲಿಲ್ಲ. ಮೇಲಕ್ಕೆ ಕೈ ತೋರಿಸಿ, "ಕೆರೆ ಕಡೆ ಗೂಡು ಎಣ್ಣೆ ಡಬ್ಬ ಇಡೋಕೆ. ದೀಪ ಇಡ್ತಿದ್ದಿದ್ದು ಆ ಕಡೇದು, ಹೊಲದ ಕಡೇದು. ಅಪಾಯ ಇದ್ದಿದ್ದು ಕೆಳಗಿರೋರಿಗೆ ಅಲ್ವಾ," ಅಂದರು.

ನಾನು ತಲೆ ಎತ್ತಿ ಎರಡೂ ಗೂಡು ನೋಡಿದೆ. ಹೌದಲ್ಲ. ಲೈಟ್‌ಹೌಸ್ ಅನ್ನುವುದು ನೀರಿನ ಮೇಲಿರುವವರಿಗೆ ನೆಲ ಎಲ್ಲಿದೆ ಎಂದು ಹೇಳುವುದು. ನಮ್ಮದು ನೆಲದ ಮೇಲಿರುವವರಿಗೆ ನೀರು ಎಲ್ಲಿದೆ ಎಂದು ಹೇಳುತ್ತಿತ್ತು. ಆ ಇಂಗ್ಲಿಷ್ ಹೆಸರಿನ ಹಿಂದೆ ಹೋಗಿ ನಾವು ದೀಪವನ್ನೇ ತಿರುಗಿಸಿಟ್ಟಿದ್ದೆವು. ಮನೆಯ ಕಥೆ ನೂರು ಸಲ ಹೇಳಿದ ನನಗೆ ದೀಪದ ಮುಖ ಯಾವ ಕಡೆಗೆ ಎಂದು ಗೊತ್ತಿರಲಿಲ್ಲ.

"ನಿಮಗೆ ಹೇಗೆ ಗೊತ್ತು ಆಂಟಿ?" ಅಂದೆ.

"ಗಾಜು ಒರೆಸ್ತಿದ್ದವಳು ನಾನೇ. ನನ್ನ ಕೈ ಸಣ್ಣದಿತ್ತು, ಒಳಗೆ ಹೋಗ್ತಿತ್ತು." ಆಮೇಲೆ ಗ್ರಾನೈಟಿನ ಕಡೆ ತಿರುಗಿ, "ಇದು ಬರ್ದಿದ್ದು ಯಾರು?"

"ನಾನು. ಪಟೇಲರು ನಮ್ಮ ತಾತ."

"ಓ, ಹಂಗಾ." ಆಕೆ ಇನ್ನೊಮ್ಮೆ ನಿಧಾನವಾಗಿ ಓದಿದರು. "ಅದು ಹಂಗಲ್ಲಮ್ಮ. ನಿಮ್ಮ ತಾತ ದೀಪ ಹಚ್ಚಿಲ್ಲ. ನಮ್ಮಪ್ಪ ಹಚ್ತಿದ್ರು. ಕಂಬಳಿ ಹಿಡ್ಕೊಂಡು ನಿಂತಿದ್ದೂ ನಮ್ಮಪ್ಪನೇ. ನಾವು ನೀರಗಂಟಿ ಮನೆಯವರು."

ನೀರಗಂಟಿ ಅಂದರೆ ಗೊತ್ತಲ್ಲ, ಹಳೆಯ ಊರುಗಳಲ್ಲಿ ಕೆರೆ ನೋಡಿಕೊಳ್ಳುವವರು. ತೂಬು ತೆಗೆಯುವುದು, ಮುಚ್ಚುವುದು, ಯಾರ ಗದ್ದೆಗೆ ಎಷ್ಟು ಹೊತ್ತು ನೀರು ಎಂದು ಹಂಚುವುದು ಎಲ್ಲ ಅವರ ಕೈಯಲ್ಲಿ. ಅವರಿಗೆ ಗದ್ದೆ ಮಾತ್ರ ಇರುತ್ತಿರಲಿಲ್ಲ, ಅಥವಾ ಹೆಸರಿಗೆ ಒಂದು ತುಂಡು.

ಟೂರಿನವರು ನಾಷ್ಟಾಗೆ ಹೊರಟರು. ನಾನು ಆಕೆಯನ್ನು ಏರಿಯ ಮೇಲಿನ ಬೆಂಚಿಗೆ ಕರೆದುಕೊಂಡು ಹೋದೆ. ಆಕೆ ಸರ್ಕಾರಿ ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದು ನಿವೃತ್ತರಾದವರು, ಈಗ ಮಗಳ ಜೊತೆ ಕುಮಾರಸ್ವಾಮಿ ಲೇಔಟಿನಲ್ಲಿದ್ದಾರೆ. ನನ್ನ ಪೋಸ್ಟು ಯಾರಿಂದಲೋ ಯಾರಿಗೋ ಹೋಗಿ ಅವರ ಫೋನಿಗೂ ಬಂದಿತ್ತು. ನೋಡಲೆಂದೇ ಬಸ್ಸಿನಲ್ಲಿ ಬಂದಿದ್ದರು.

"ನಂಗೆ ಗಲಾಟೆ ಬೇಡಮ್ಮ," ಅಂದರು. "ನಮ್ಮಪ್ಪಂದು ಒಂದು ಫೋಟೋ ಇಲ್ಲ. ಮಣ್ಣು ಮಾಡಿದ ಜಾಗ ಈಗ ಅಪಾರ್ಟ್‌ಮೆಂಟಿನ ಪಾರ್ಕಿಂಗು. ಅಣ್ಣಂದ್ರು ಯಾರೂ ಇಲ್ಲ. ಅವ್ರು ಬದುಕಿದ್ರು ಅನ್ನೋಕೆ ಉಳಿದಿರೋದು ಈ ಗೂಡು ಒಂದೇ. ಅದರ ಮೇಲೂ ಬೇರೆಯವರ ಹೆಸರು ಬಂದ್ರೆ ನಾನು ಎಲ್ಲಿಗೆ ಹೋಗ್ಲಿ?"

ನಾನು ಮನೆಗೆ ಬಂದು ಮಾಡಿದ ಮೊದಲ ಕೆಲಸ, ಅಪ್ಪ ಆ ಕಥೆ ಹೇಳುವ ಹಳೆಯ ವಿಡಿಯೊ ಹುಡುಕಿ ನೋಡಿದ್ದು. ತಂಗಿಯ ಮಗಳ ನಾಮಕರಣದಲ್ಲಿ ತೆಗೆದದ್ದು. ಅದರಲ್ಲಿ ಅಪ್ಪ ತಾತನ ಮಾತನ್ನು ತಾತನ ದನಿಯಲ್ಲೇ ಹೇಳುತ್ತಾನೆ: "ಎಷ್ಟ್ ಮಳೆಗಾಲ ದೀಪ ಹಚ್ಚಿಸಿದೀನಿ ಗೊತ್ತೇನ್ಲಾ." ಹಚ್ಚಿಸಿದೀನಿ. ಮೂರು ಸಲ ಕೇಳಿದೆ. ಮೂರು ಸಲವೂ 'ಸಿ' ಇತ್ತು. ತಾತ ಸುಳ್ಳು ಹೇಳಿರಲಿಲ್ಲ, ಅಪ್ಪನೂ ಹೇಳಿರಲಿಲ್ಲ. ಬರೆಯುವಾಗ ಓದಲು ಚೆನ್ನಾಗಿರಲಿ ಎಂದು ಆ ಅಕ್ಷರ ತೆಗೆದು ಹಾಕಿದವಳು ನಾನು. ಕಂಬಳಿ ಹಿಡಿದು ನಿಂತದ್ದು? ಅಪ್ಪ ಹೇಳುವುದು "ಕಂಬಳಿ ಹಿಡಿಸಿ ನಿಲ್ಲಿಸಿದ್ರು". ಅದನ್ನೂ ನಾನೇ ನೆಟ್ಟಗೆ ಮಾಡಿದ್ದೆ.

ಆಮೇಲೆ ಮನೆಯ ಮಾತನ್ನೆಲ್ಲ ಕಿವಿಗೊಟ್ಟು ಕೇಳತೊಡಗಿದೆ. ಬಾವಿ ತೋಡಿಸಿದ್ದು, ತೆಂಗು ಇಡಿಸಿದ್ದು, ಗುಡಿ ಕಟ್ಟಿಸಿದ್ದು, ಕಣ ಮಾಡಿಸಿದ್ದು. ನಮ್ಮ ವಂಶದ ಎಲ್ಲ ಸಾಧನೆಯಲ್ಲೂ ಒಂದು 'ಇಸು' ಕೂತಿದೆ, ಪ್ರತಿ 'ಇಸು' ಹಿಂದೆ ಗುದ್ದಲಿ ಹಿಡಿದ ಒಬ್ಬ ಮನುಷ್ಯ ನಿಂತಿದ್ದಾನೆ. ವ್ಯಾಕರಣದ ಮೇಷ್ಟ್ರು ಇದನ್ನು ಹೈಸ್ಕೂಲಿನಲ್ಲೇ ಪಾಠ ಮಾಡಿದ್ದರು. ಪರೀಕ್ಷೆಯಲ್ಲಿ ಸರಿಯಾಗಿ ಬರೆದು ಮಾರ್ಕ್ಸೂ ತೆಗೆದುಕೊಂಡಿದ್ದೆ.

ಕಾರ್ಯದರ್ಶಿಗೆ ಫೋನು ಮಾಡಿದೆ. ಅವರು ಸಮಾಧಾನವಾಗಿ ಕೇಳಿಸಿಕೊಂಡು, "ಮೇಡಂ, ನೀವೇ ಕೊಟ್ಟ ಮ್ಯಾಟರು. ಈಗ ನೀವೇ ಅಲ್ಲ ಅಂದ್ರೆ ಕಮಿಟೀಲಿ ನಾನೇನ್ ಹೇಳ್ಲಿ? ನಿಮ್ಮ ತಂದೆಯವರು ಹಿರಿಯರು, ಅವ್ರ ಕೈಲಿ ಒಂದು ಲೆಟರ್ ಕೊಡ್ಸಿ, ಕಲ್ಲು ಬದ್ಲಾಯ್ಸೋಣ. ಬೇಕಾದ್ರೆ ಒಂದು 'ಸಿ' ಮಧ್ಯೆ ಸೇರ್ಸೋಕಾಗುತ್ತಾ ಅಂತ ಕೆತ್ತೋರನ್ನ ಕೇಳ್ತೀನಿ," ಅಂದರು.

ಅಷ್ಟಾದರೆ ಸಾಕು ಎಂದುಕೊಂಡು ನರ್ಸಮ್ಮನಿಗೆ ಫೋನು ಮಾಡಿದೆ. ಕಾರ್ಯದರ್ಶಿ ಅಂದದ್ದನ್ನು ಹೇಳಿದೆ.

"'ಸಿ' ಸೇರಿಸಿದ್ರೆ ನಿಮ್ಮ ತಾತ ಸರಿಹೋಗ್ತಾರೆ," ಅಂದರು. "ನಮ್ಮಪ್ಪ ಎಲ್ಲಿ ಬಂದ್ರು ಅದರಲ್ಲಿ?"

ನಿಜ ಹೇಳುತ್ತೇನೆ, ನನಗೆ ಸಿಟ್ಟು ಬಂತು. ಇವರಿಗೆ ಇನ್ನೆಷ್ಟು ಬೇಕು ಅನ್ನಿಸಿತು. ಫೋನಿಟ್ಟು, ಕುಕ್ಕರ್ ಇಟ್ಟು, ಮೂರು ಸೀಟಿ ಕೂಗುವಷ್ಟರಲ್ಲಿ ಸಿಟ್ಟು ಇಳಿಯಿತು. ಅವರು ಹೇಳಿದ್ದು ಸರಿ. ಪಟೇಲರು ದೀಪ ಹಚ್ಚಿಸಿದರು. ಯಾರ ಕೈಲಿ? ಆ ಪ್ರಶ್ನೆ ಹಾಗೇ ಉಳಿಯುತ್ತದೆ, ಓದುವವರಿಗೆ ಅದು ಕೇಳಿಸುವುದೂ ಇಲ್ಲ.

ಇನ್ನು ಅಪ್ಪ. ಎಂಬತ್ತೆರಡು ವರ್ಷ, ಕಿವಿ ಚುರುಕು, ನಾಲಿಗೆ ಅದಕ್ಕಿಂತ ಚುರುಕು. ವಿಷಯ ಹೇಳಿದೆ.

"ತಾತನ್ನ ಕಲ್ಲಿಂದ ಇಳಿಸ್ತೀಯಾ?"

"ಇಳಿಸಲ್ಲ. ಪಕ್ಕಕ್ಕೆ ಸರಿಸ್ತೀನಿ."

"ಹಚ್ಚೋದು, ಹಚ್ಚಿಸೋದು, ಎಲ್ಲಾ ಒಂದೇ. ಎಣ್ಣೆ ಯಾರದು? ನಮ್ದು."

"ಈ ಮನೆ ಕಟ್ಟಿದ್ದು ಯಾರು?"

"ನಾನು."

"ಒಂದು ಇಟ್ಟಿಗೆ ಇಟ್ಟಿದ್ದೀಯಾ?"

"ಬಿಸಿಲಲ್ಲಿ ನಿಂತಿದ್ದೆ ಕಣೆ, ಆರು ತಿಂಗಳು."

"ಛತ್ರಿ ಕೆಳಗೆ."

"ಕಾಫಿ ತಗೊಂಡು ಬಾ, ವ್ಯಾಕರಣ ಸಾಕು."

ಎರಡು ವಾರ ಹೀಗೇ ಹೋಯಿತು. ಪತ್ರದ ಮಾತು ಎತ್ತಿದರೆ ಟೀವಿಯ ಸೌಂಡು ಏರುತ್ತಿತ್ತು. ಅಪ್ಪ ಕೆಟ್ಟವನಲ್ಲ. ಹೊಲವೆಲ್ಲ ಹೋದ ಮೇಲೆ, ಪಟೇಲಿಕೆ ಅನ್ನುವ ಪದವೇ ಹೋದ ಮೇಲೆ, ಅವನಿಗೆ ಉಳಿದಿದ್ದು ಆ ಕಥೆ. ಬಾಡಿಗೆಯ ಹುಡುಗರು 'ಓನರ್ ಅಂಕಲ್' ಅನ್ನುವಾಗ ಅವನ ಮುಖ ಸಣ್ಣದಾಗುವುದನ್ನು ನಾನು ನೋಡಿದ್ದೇನೆ. ಕಲ್ಲಿನ ಮುಂದೆ ನಿಂತ ಫೋಟೊದಲ್ಲಿ ಅವನು ಎಷ್ಟೋ ವರ್ಷದ ಮೇಲೆ ಎದೆ ಉಬ್ಬಿಸಿದ್ದ.

ಕೊನೆಗೆ ಅವನೇ ಒಂದು ಬೆಳಿಗ್ಗೆ ಅಂದ, "ಆವಮ್ಮ ಬರ್ತಾರಾ ಈ ಭಾನುವಾರ? ನಾನೂ ಬರ್ತೀನಿ. ಎದುರಿಗೇ ಮಾತಾಡಣ." ಜಗಳಕ್ಕೆ ಹೋಗುವವನ ಹಾಗೆ ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿಕೊಂಡ.

ಆಕೆ ಬೆಂಚಿನ ಮೇಲೆ ಕೂತಿದ್ದರು. ಅಪ್ಪ ದೂರದಿಂದಲೇ, "ನೀನು ನೀರಗಂಟಿ ಮಗಳಲ್ವಾ? ಎರಡು ಜಡೆ ಹಾಕ್ಕೊಂಡು ಏರಿ ಮೇಲೆ ಓಡಾಡ್ತಿದ್ದೆ," ಅಂದ.

ಆಕೆ ತಲೆ ಎತ್ತಿ ನೋಡಿದರು. "ಹೂಂ. ನೀನು ಪಟೇಲ್ರ ಮಗ ಅಲ್ವಾ? ಕೆರೇಲಿ ಈಜೋಕೆ ಬಂದು ಚಡ್ಡಿ ಕಳ್ಕೊಂಡಿದ್ದೆ."

ನಮ್ಮ ಊರಿನಲ್ಲಿ ಅಪ್ಪನನ್ನು ನೀರಗಂಟಿ ಮನೆಯವರು ಯಾರೂ 'ನೀನು' ಅಂದಿರಲಿಲ್ಲ. ಅಪ್ಪನ ಹುಬ್ಬು ಮೇಲೆ ಹೋಯಿತು. ಆಮೇಲೆ ಅವನು ಬೆಂಚಿನ ಇನ್ನೊಂದು ತುದಿಯಲ್ಲಿ ಕೂತು, "ಚಡ್ಡಿ ಅಲ್ಲ, ಲಂಗೋಟಿ. ಕೂತ್ಕೊಳ್ಳಿ, ಕೂತ್ಕೊಳ್ಳಿ, ಎದ್ದೇಳ್ಬೇಡಿ," ಅಂದ. ಆಕೆ ಎದ್ದೇ ಇರಲಿಲ್ಲ.

ಆಮೇಲೆ ಅಪ್ಪನೇ ಶುರು ಮಾಡಿದ. "ಎಣ್ಣೆ ನಮ್ಮನೇದು, ಅದನ್ನ ಇಲ್ಲ ಅನ್ಬೇಡಿ. ನಿಮ್ಮಪ್ಪ ದಿನಾ ಸಂಜೆ ಹಿತ್ತಲ ಬಾಗಿಲಿಗೆ ಬಂದು ಇಸ್ಕೊಂಡು ಹೋಗ್ತಿದ್ದ."

"ಹೋಗ್ತಿದ್ರು," ಅಂದರು ಆಕೆ. ದನಿ ಏರಿಸಲಿಲ್ಲ. ರೋಗಿಗೆ ಮಾತ್ರೆಯ ಹೊತ್ತು ನೆನಪಿಸುವ ಹಾಗೆ ಅಂದರು.

"ಹೋಗ್ತಿದ್ರು."

"ಎಣ್ಣೆ ನಿಮ್ದೇ. ಯಾರು ಇಲ್ಲ ಅಂದ್ರು? ಮೇಲಿಂದ ಹುಯ್ಯೋರು ನಿಮ್ಮಮ್ಮ. ಅರ್ಧ ಎಣ್ಣೆ ಅಪ್ಪನ ಕೈಮೇಲೆ ಬೀಳ್ತಿತ್ತು. ಮನೆಗೆ ಬಂದು ಅದನ್ನ ನನ್ನ ತಲೆಗೆ ಒರೆಸೋರು."

ಹಿತ್ತಲ ಬಾಗಿಲೇ ಏಕೆ, ಮೇಲಿನಿಂದಲೇ ಏಕೆ ಎಂದು ನಾನು ಇಲ್ಲಿ ಬಿಡಿಸಿ ಹೇಳಬೇಕಾಗಿಲ್ಲ. ಅಂಥ ಹಿತ್ತಲು ಇದ್ದ ಮನೆಯಲ್ಲಿ ಹುಟ್ಟಿದವರಿಗೆಲ್ಲ ಗೊತ್ತು, ಅದರ ಆಚೆ ನಿಂತವರಿಗೆ ಇನ್ನೂ ಚೆನ್ನಾಗಿ ಗೊತ್ತು. ಅಪ್ಪ ತನ್ನ ಕೈಗಳನ್ನು ನೋಡಿಕೊಂಡ.

"ಕಂಬಳಿ ಹಿಡಿದ ದಿನ ನೀವು ಅಲ್ಲಿದ್ರಾ?" ಅಂತ ಕೇಳಿದ.

"ಇದ್ದೆ. ಗೂಡಿನ ಕೆಳಗೆ. ಅಪ್ಪ ತೂಬಿನ ಸದ್ದು ಕೇಳಿಯೇ ಕೋಡಿ ಬೀಳುತ್ತೆ ಅಂದಿದ್ರು. ಗಾಳಿಗೆ ದೀಪ ಆರಿತು. ಕಂಬಳಿ ಹಿಡಿದು ಹಚ್ಚಿದ್ರು, ಮತ್ತೆ ಆರಿತು. ಎಷ್ಟು ಸಲವೋ. ನಿಮ್ಮಪ್ಪ ಏರಿ ಮೇಲೆ ಬಂದು 'ಇನ್ನೊಂದ್ ಸಲ, ಇನ್ನೊಂದ್ ಸಲ' ಅಂತ ಕೂಗ್ತಿದ್ರು. ಬಂದಿದ್ರು ಅವ್ರು, ಸುಳ್ಳು ಹೇಳಲ್ಲ. ನೆನೆದು ತೊಪ್ಪೆಯಾಗಿದ್ರು."

ಇದು ನಮ್ಮ ಮನೆಯ ಕಥೆಯಲ್ಲಿ ಇರಲೇ ಇಲ್ಲ. ತಾತ ಮಳೆಯಲ್ಲಿ ನೆನೆದು ನಿಂತು ಕೂಗಿದ್ದು. ನಾನು ಕೆತ್ತಿಸಿದ ತಾತನಿಗಿಂತ ಈ ತಾತ ನನಗೆ ಹೆಚ್ಚು ಹತ್ತಿರದವರು ಅನ್ನಿಸಿತು.

ಅಷ್ಟರಲ್ಲಿ ಕಾರ್ಯದರ್ಶಿ ಪ್ಯಾಡು, ಪೆನ್ನು ಹಿಡಿದು ಬಂದರು. "ಸಾರ್, ಲೆಟರ್ ರೆಡಿ ಇದ್ಯಾ? ಇಲ್ಲಾಂದ್ರೆ ಇಲ್ಲೇ ಬರ್ಕೊಟ್ಬಿಡಿ." ಅಪ್ಪ ಪ್ಯಾಡು ತೆಗೆದುಕೊಂಡ. ಕನ್ನಡಕ ಹಾಕಿ, ದೊಡ್ಡ ಅಕ್ಷರದಲ್ಲಿ, 'ಕೋಡಿ ದೀಪ ಹಚ್ಚುತ್ತಿದ್ದವರು ನಮ್ಮ ಊರಿನ ನೀರಗಂಟಿ' ಅಂತ ಬರೆದು ನಿಲ್ಲಿಸಿದ.

"ಹೆಸರು ಹಾಕಿ ಸಾರ್," ಅಂದರು ಕಾರ್ಯದರ್ಶಿ.

ಪೆನ್ನು ಕಾಗದದ ಮೇಲೆ ನಿಂತೇ ಇತ್ತು. ಮೂರು ತಲೆಮಾರಿನ ನೆಂಟರ ಹೆಸರು, ಊರಿನ ಎತ್ತುಗಳ ಹೆಸರು, ಮಾರಿದ ಒಂದೊಂದು ಗದ್ದೆಯ ಹೆಸರು ಬಾಯಲ್ಲಿಟ್ಟುಕೊಂಡಿರುವ ಮನುಷ್ಯ ನನ್ನ ಅಪ್ಪ. ಅವನು ಒಮ್ಮೆ ನನ್ನ ಮುಖ ನೋಡಿದ, ಒಮ್ಮೆ ಕೆರೆ ನೋಡಿದ.

"ನಾವು ನೀರಗಂಟಿ ಅಂತಾನೇ ಕರೀತಿದ್ವಿ," ಅಂದ ಕೊನೆಗೆ.

"ಗೊತ್ತು," ಅಂದರು ಆಕೆ.

"ಹೆಸರು ಏನು?"

ಹೇಳಿದರು. ಅಪ್ಪ ಬರೆದ. ಒತ್ತಕ್ಷರ ತಪ್ಪಾಯಿತು. ಆಕೆ ಬಗ್ಗಿ ನೋಡಿ, "ಅಲ್ಲಿ ಒತ್ತು ಬರುತ್ತೆ," ಅಂದರು. ಅಪ್ಪ ಹೊಡೆದು ಹಾಕಿ ಮತ್ತೆ ಬರೆದ. ಅದರ ಕೆಳಗೆ, 'ಎಣ್ಣೆ ಪಟೇಲರ ಮನೆಯದು' ಅಂತಲೂ ಬರೆದು, ಇದನ್ನು ಬಿಡುವುದಿಲ್ಲ ಅನ್ನುವ ಹಾಗೆ ಗೆರೆ ಎಳೆದು, ಸಹಿ ಹಾಕಿದ.

ಹೊಸ ಕಲ್ಲು ಬಂದಿದೆ. ಎರಡೇ ಸಾಲು, ಅಪ್ಪ ಬರೆದದ್ದೇ. ಲಾಟೀನು ಹೊಲದ ಕಡೆಯ ಗೂಡಿಗೆ ಹೋಗಿದೆ. ಹೊಲದ ಜಾಗದಲ್ಲಿ ಈಗ ಸಾಲಾಗಿ ನಿಂತ ಕಾರುಗಳಿವೆ. ಹೊರಗಿನ 'ಲೈಟ್‌ಹೌಸ್' ಬೋರ್ಡು ಮಾತ್ರ ಹಾಗೇ ಇದೆ, ಮ್ಯಾಪಿನಲ್ಲಿ ಆ ಹೆಸರಿಗೇ ಜನ ಬರುತ್ತಾರಂತೆ. ಕಲ್ಲು ನಿಲ್ಲಿಸಿದ ದಿನ ನರ್ಸಮ್ಮ ಬಂದು ಅಕ್ಷರ ಅಕ್ಷರ ಓದಿ, "ಇನ್ನೊಂಚೂರು ದೊಡ್ಡದಾಗಿ ಕೆತ್ತಬಹುದಿತ್ತು," ಅಂದರು. ಅಷ್ಟೇ. ಆಮೇಲೆ ಬಸ್ಸಿಗೆ ಹೊತ್ತಾಯಿತೆಂದು ಹೊರಟರು. ಹೋಗುವಾಗ ಅವರ ಅಪ್ಪನ ಹೆಸರನ್ನು ಪೋಸ್ಟಿನಲ್ಲಿ ಹಾಕಲೇ ಎಂದು ಕೇಳಿದೆ. "ಬೇಡ. ಫೋನಲ್ಲಿ ಓದಿ ಮರೀತಾರೆ. ಬೇಕಾದವರು ಬಂದು ಕಲ್ಲಿನ ಮೇಲೆ ಓದ್ಲಿ," ಅಂದರು. ಅದಕ್ಕೇ ಇಲ್ಲಿ ಬರೆದಿಲ್ಲ.

ಅಪ್ಪ ಈ ಕಥೆ ಹೇಳುವುದನ್ನು ನಿಲ್ಲಿಸಿಲ್ಲ. ಮೊನ್ನೆ ಒಂದು ಮದುವೆಯಲ್ಲೂ ಶುರು ಮಾಡಿದ. "ನಮ್ಮಪ್ಪ ಎಷ್ಟ್ ಮಳೆಗಾಲ ದೀಪ ಹಚ್ಚಿಸಿದ್ರು ಗೊತ್ತಾ," ಅಂದವನು ಒಂದು ಕ್ಷಣ ತಡೆದ. ನೆಂಟರು ಪಾಯಸದ ಚಮಚ ಹಿಡಿದು ಕಾಯುತ್ತಿದ್ದರು. ಅವನು ಆ ಹೆಸರು ಹೇಳಿದ. ಯಾರದು ಅದು ಎಂದು ಎದುರಿನವರು ಕೇಳಿದರು. ಅಲ್ಲಿಂದ ಮುಂದೆ ಕಥೆ ಮೊದಲಿನಷ್ಟು ಸಲೀಸಾಗಿ ಹೋಗಲಿಲ್ಲ. ತಡವರಿಸಿದ, ಹಿತ್ತಲ ಬಾಗಿಲಿನ ಹತ್ತಿರ ಬಂದು ನಿಂತುಬಿಟ್ಟ, ಆಮೇಲೆ ವಿಷಯ ಬದಲಾಯಿಸಿದ. ಅಷ್ಟು ದೂರವಾದರೂ ಹೋದ.

ಈಗ ನಿಮ್ಮ ಸರದಿ. ನಿಮ್ಮ ಮನೆಯಲ್ಲಿ ತೋಡಿಸಿದ ಬಾವಿ ಇರುತ್ತದೆ, ಕಟ್ಟಿಸಿದ ಗುಡಿ ಇರುತ್ತದೆ, ಇಡಿಸಿದ ತೋಪು ಇರುತ್ತದೆ. ತೋಡಿದವರು, ಕಟ್ಟಿದವರು, ನೆಟ್ಟವರು ಯಾರು ಎಂದು ಮನೆಯ ಹಿರಿಯರನ್ನು ಒಮ್ಮೆ ಕೇಳಿ ನೋಡಿ. ಗೊತ್ತಾದರೆ ಕೆಳಗೆ ಬರೆಯಿರಿ. ಗೊತ್ತಾಗದಿದ್ದರೆ, ಕೇಳಿದಾಗ ಅವರು ಏನೆಂದರು ಅದನ್ನಾದರೂ ಬರೆಯಿರಿ. ನೀವೇ ಆ ನೆಟ್ಟವರ, ತೋಡಿದವರ ಮನೆಯವರಾಗಿದ್ದರೆ ಮೊದಲು ನೀವು ಹೇಳಿ. ನಾವು ಓದುತ್ತೇವೆ, ಮಧ್ಯೆ ಬಾಯಿ ಹಾಕುವುದಿಲ್ಲ.